ಮುಂಬೈ ಮಳೆಗಾಲದಲ್ಲಿ ಒಳಉಡುಪು: ಆರಿಸುವುದು, ಅಳೆಯುವುದು, ಒಣಗಿಸುವುದು

ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಬಾಲ್ಕನಿಗಳಲ್ಲೆಲ್ಲಾ ಒಂದೇ ತರಹದ ಹಗ್ಗ ಕಾಣುತ್ತದೆ. ಗಾಳಿ ಬರುವ ಮುಂದಿನ ಸಾಲಿಗೆ ಚಾದರ, ಪ್ಯಾಂಟು, ಮಕ್ಕಳ ಯೂನಿಫಾರ್ಮು. ಗೋಡೆಗೆ ತಾಗಿದ ಹಿಂದಿನ ಸಾಲಿಗೆ ಚಡ್ಡಿ, ಬ್ರಾ, ಅದೂ ಒಂದರ ಮೇಲೊಂದು. ಯಾರಿಗೂ ಕಾಣಬಾರದು ಅಂತ ಅದರ ಮೇಲೆ ಟವೆಲ್ಲು, ಇಲ್ಲವೇ ಹಳೇ ಸೀರೆ. ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ, ಅವ್ವ ಹಾಗೇ ಕಲಿಸಿದ್ದಳು. ಹುಬ್ಬಳ್ಳಿಯಲ್ಲಿ ಅದು ನಡೆಯುತ್ತದೆ. ಅಲ್ಲಿನ ಗಾಳಿಗೆ ಟವೆಲ್ಲಿನ ಕೆಳಗಿದ್ದದ್ದೂ ಸಂಜೆಯೊಳಗೆ ಒಣಗುತ್ತದೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದೂ ಹೆಚ್ಚುಕಮ್ಮಿ ನಾಲ್ಕೇ ತಿಂಗಳಲ್ಲಿ ಸುರಿಯುವ ಈ ಊರಲ್ಲಿ ನಡೆಯುವುದಿಲ್ಲ. ಮುಟ್ಟಿದರೆ ಒಣಗಿದ ಹಾಗೆ ಅನಿಸುತ್ತದೆ, ಆದರೆ ಎಲಾಸ್ಟಿಕ್ಕಿನೊಳಗೆ, ಹೊಲಿಗೆಯೊಳಗೆ ತೇವ ಕೂತಿರುತ್ತದೆ. ಅದನ್ನೇ ಹಾಕಿಕೊಂಡು ಲೋಕಲ್ ಟ್ರೈನಿನಲ್ಲಿ ಒಂದು ಗಂಟೆಗೂ ಜಾಸ್ತಿ ಹೊತ್ತು ಬೆವರುತ್ತಾ ನಿಂತರೆ ತೊಡೆಸಂದಿಯಲ್ಲಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತೇ ಇದೆ.

ಇಷ್ಟು ವರ್ಷ ನೋಡಿ ನನಗೆ ಅನಿಸಿದ್ದು ಇದು. ಒಳಉಡುಪಿನಿಂದ ಬರುವ ತೊಂದರೆಗಳಲ್ಲಿ ಬಹಳಷ್ಟು ನಾಚಿಕೆಯಿಂದಲೇ ಬರುತ್ತವೆ. ಅಂಗಡಿಯಲ್ಲಿ ನಾಚಿಕೆ, ಅಳತೆ ಕೊಡುವುದಿಲ್ಲ. ಬಾಲ್ಕನಿಯಲ್ಲಿ ನಾಚಿಕೆ, ಬಿಸಿಲಿಗೆ ಹಾಕುವುದಿಲ್ಲ. ಡಾಕ್ಟರ ಹತ್ತಿರ ನಾಚಿಕೆ, ತಿಂಗಳುಗಟ್ಟಲೆ ತೋರಿಸುವುದಿಲ್ಲ. ಹಾಗಾಗಿ ಈ ಮೂರನ್ನೂ ಬಿಡಿಸಿ ಬರೆಯುತ್ತೇನೆ.

ಯಾವುದು ಯಾವ ಕೆಲಸಕ್ಕೆ ಹುಟ್ಟಿತು

ಅಂಗಡಿಗೆ ಹೋಗುವ ಮೊದಲು ಒಂದು ಮಾತು ತಿಳಿದಿರಲಿ. ಒಳಉಡುಪಿನ ಒಂದೊಂದು ನಮೂನೆಯೂ ಯಾವುದೋ ಒಂದು ಕೆಲಸಕ್ಕಾಗಿ ಹುಟ್ಟಿದ್ದು. ಆ ಕೆಲಸ ಗೊತ್ತಾದರೆ ನಿಮಗೆ ಯಾವುದು ಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಎಲ್ಲಕ್ಕಿಂತ ಹಳೆಯದು ಲಂಗೋಟಿ. ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಒಬ್ಬ ಮನುಷ್ಯನ ಶವ ಸಿಕ್ಕಿತು. ಅವನ ಸೊಂಟದಲ್ಲಿ ಇದ್ದದ್ದೂ ಚರ್ಮದ ಲಂಗೋಟಿಯೇ. ಈಜಿಪ್ಟಿನ ರಾಜ ಟೂಟನ್‌ಖಾಮನ್ ಸಮಾಧಿಯನ್ನು 1922ರಲ್ಲಿ ತೆರೆದಾಗ ಒಳಗೆ ನಾರುಬಟ್ಟೆಯ ಲಂಗೋಟಿಗಳೇ ರಾಶಿ ಇದ್ದವು. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಇವತ್ತಿಗೂ ಲಂಗೋಟಿ ಕಟ್ಟುತ್ತಾರೆ, ಯಾಕಂದರೆ ಕುಸ್ತಿಯಲ್ಲಿ ಬಿಗಿಯಾದ ಆಸರೆ ಬೇಕು. ಆದರೆ ಕುಸ್ತಿ ಮುಗಿದ ಮೇಲೆ ಬಿಚ್ಚಿ ಒಗೆದು ಹಾಕುತ್ತಾರೆ, ಇಡೀ ದಿನ ಕಟ್ಟಿಕೊಂಡು ಓಡಾಡುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪಶ್ಚಿಮದಲ್ಲಿ 1874ರಲ್ಲಿ ಚಿಕಾಗೋದಲ್ಲಿ ಸೈಕಲ್ ಓಡಿಸುವವರಿಗಾಗಿ ಜಾಕ್‌ಸ್ಟ್ರಾಪ್, ಅಂದರೆ ಗಂಡಸರ ಜನನಾಂಗಕ್ಕೆ ಆಸರೆ ಕೊಡುವ ಎಲಾಸ್ಟಿಕ್ ಪಟ್ಟಿ, ಮಾಡಿದರು. ಕಲ್ಲುಹಾಸಿನ ರಸ್ತೆಯಲ್ಲಿ ಸೈಕಲ್ ಕುಲುಕುವಾಗ ಆಸರೆ ಬೇಕಿತ್ತು, ಅಷ್ಟೇ. ಬಾಕ್ಸರ್ ಹುಟ್ಟಿದ್ದು ಹೆಸರೇ ಹೇಳುವ ಹಾಗೆ ಬಾಕ್ಸಿಂಗ್ ಕಣದಲ್ಲಿ. 1925ರಲ್ಲಿ ಎವರ್‌ಲಾಸ್ಟ್ ಕಂಪನಿಯ ಜೇಕಬ್ ಗೊಲೊಂಬ್ ಬಾಕ್ಸರ್‌ಗಳ ಚಡ್ಡಿಗೆ ಚರ್ಮದ ಬೆಲ್ಟ್ ಬದಲು ಎಲಾಸ್ಟಿಕ್ ಹಾಕಿದ. ಕಾಲು ಸಲೀಸಾಗಿ ಆಡಲಿ ಅಂತ ಸಡಿಲ ಬಿಟ್ಟಿದ್ದರು. ಈಗ ಎಲ್ಲರೂ ಹಾಕುವ ಬ್ರೀಫ್, ಅಂದರೆ ವಿ ಆಕಾರದ ಚಡ್ಡಿ, ಮೊದಲು ಮಾರಾಟಕ್ಕೆ ಬಂದದ್ದು 1935ರ ಜನವರಿ 19ರಂದು, ಚಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿಯಲ್ಲಿ. ಕೂಪರ್ಸ್ ಕಂಪನಿಯ ಆರ್ಥರ್ ನೈಬ್ಲರ್ ಅದನ್ನು ವಿನ್ಯಾಸ ಮಾಡಿದ್ದು, ಮತ್ತು ಜಾಕ್‌ಸ್ಟ್ರಾಪಿನ ಹಾಗೆ ಆಸರೆ ಕೊಡುತ್ತದೆ ಅಂತ ಅದಕ್ಕೆ ಜಾಕಿ ಎಂದು ಹೆಸರಿಟ್ಟರು. ಹಿಮ ಸುರಿಯುತ್ತಿದ್ದ ದಿನವೂ ಜನ ಮುಗಿಬಿದ್ದು ಕೊಂಡರು. ಅದೇ ಜಾಕಿಯನ್ನು ಇಲ್ಲಿ ಹೊಲಿದು ಮಾರುವ ಪೇಜ್ ಇಂಡಸ್ಟ್ರೀಸ್ ಕಂಪನಿ ನಮ್ಮ ಬೆಂಗಳೂರಿನದ್ದು.

ಒಂದು ಗಮನಿಸಿದಿರಾ? ಬ್ರೀಫ್ ಹುಟ್ಟಿದ್ದು ಹಿಮ ಬೀಳುವ ಊರಲ್ಲಿ. ಡೊಂಬಿವಲಿಯ ಜುಲೈಗೆ ಅದೇ ಸರಿ ಅಂತ ಏನೂ ಇಲ್ಲ.

ಹೆಂಗಸರ ಕಡೆ ಬಂದರೆ, ಸಿಸಿಲಿಯ ಒಂದು ರೋಮನ್ ಬಂಗಲೆಯ ನೆಲದಲ್ಲಿ 4ನೇ ಶತಮಾನದ ಕಲ್ಲುಚೂರಿನ ಚಿತ್ರವಿದೆ. ಎದೆಗೆ ಪಟ್ಟಿ ಕಟ್ಟಿ, ಪುಟ್ಟ ಚಡ್ಡಿ ಹಾಕಿ ಆಟ ಆಡುತ್ತಿರುವ ಹುಡುಗಿಯರು. ಇವತ್ತಿನ ಜಿಮ್ಮಿನಲ್ಲಿ ನಿಂತ ಹಾಗೇ ಕಾಣುತ್ತಾರೆ. ಆಮೇಲೆ ಯುರೋಪಿನಲ್ಲಿ ಶತಮಾನಗಟ್ಟಲೆ ಕಾರ್ಸೆಟ್ ಬಂತು, ತಿಮಿಂಗಿಲದ ಬಾಯಿಯ ಗಟ್ಟಿ ಪಟ್ಟಿ ಹಾಕಿ ಸೊಂಟ ಬಿಗಿಯುವ ಕವಚ. ಅದಕ್ಕೆ ಬೇಸತ್ತ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎರಡು ರೇಷ್ಮೆ ಕರವಸ್ತ್ರ ಮತ್ತು ಒಂದು ರಿಬ್ಬನ್ ಸೇರಿಸಿ ಬ್ರಾ ಹೊಲಿಸಿಕೊಂಡಳು, 1914ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಳೆದರೆ ಹಿಗ್ಗುವ ಲೈಕ್ರಾ ನೂಲು ಕಂಡುಹಿಡಿದ ಮೇಲೆ ಎಲ್ಲ ಒಳಉಡುಪೂ ಮೈಗೆ ಅಂಟಿಕೊಳ್ಳತೊಡಗಿದವು. ನನಗೆ ತುಂಬಾ ಇಷ್ಟವಾದ ಕತೆ 1977ರದ್ದು. ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಹಿಂಡಾ ಮಿಲ್ಲರ್, ಪಾಲಿ ಸ್ಮಿತ್ ಎಂಬ ಮೂವರು ಓಡುವಾಗ ಎದೆ ನೋಯದಿರಲಿ ಅಂತ ಎರಡು ಜಾಕ್‌ಸ್ಟ್ರಾಪುಗಳನ್ನು ಕತ್ತರಿಸಿ ಜೋಡಿಸಿ ಹೊಲಿದರು. ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು ಹಾಗೆ. ಗಂಡಸರ ಸೈಕಲ್ ಪಟ್ಟಿ ನೂರು ವರ್ಷದ ಮೇಲೆ ಹೆಂಗಸರ ಓಟಕ್ಕೆ ಆಗಿಬಂತು.

ಬ್ರಾ ಅಳತೆ, ಮನೆಯಲ್ಲೇ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಾನು ಹನ್ನೆರಡು ವರ್ಷ ತಪ್ಪು ಸೈಜ್ ಹಾಕಿದವಳು. ದಾದರ್ ಪಶ್ಚಿಮದ ಒಂದು ಅಂಗಡಿಯಲ್ಲಿ ಕೌಂಟರಿನ ಆಚೆ ನಿಂತ ಹುಡುಗ ನನ್ನನ್ನು ಒಮ್ಮೆ ನೋಡಿ "38 ಬರೋಬರ್ ಬೈಠೇಗಾ" ಅಂತ ಡಬ್ಬಿ ಕೈಗಿಟ್ಟ. ಸುತ್ತ ಗಂಡಸರಿದ್ದರು, ನಾನು ಬಾಯಿ ಬಿಡದೆ ದುಡ್ಡು ಕೊಟ್ಟು ಬಂದೆ. ಅಂದಿನಿಂದ ಪ್ರತಿ ಸಲ 38ಬಿ. ಭುಜದ ಮೇಲೆ ಎರಡು ಗುಳಿ ಬಿದ್ದವು, ಸಂಜೆಯಾದರೆ ಕತ್ತು ನೋವು. ವಯಸ್ಸಾಯಿತು, ತೂಕ ಜಾಸ್ತಿ ಆಯಿತು ಅಂದುಕೊಂಡೆ. ಕಡೆಗೆ ಅಳೆದದ್ದು ಒಂದು ಭಾನುವಾರ, ಮಗಳ ಹೊಲಿಗೆ ಕ್ಲಾಸಿನ ಟೇಪು ಹಿಡಿದು.

ಹೀಗೆ ಅಳೆಯಿರಿ. ಟೇಪನ್ನು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ, ಬಿಗಿಯಾಗಿ ಹಿಡಿದು ಉಸಿರು ಬಿಟ್ಟ ಮೇಲೆ ಸೆಂಟಿಮೀಟರಿನಲ್ಲಿ ಓದಿ. ಬೆನ್ನ ಹಿಂದೆ ಟೇಪು ಮೇಲೆ ಹೋಗಬಾರದು, ಕನ್ನಡಿ ನೋಡಿಕೊಳ್ಳಿ. ಆಮೇಲೆ ಸ್ವಲ್ಪ ಬಗ್ಗಿ, ಎದೆಯ ತುಂಬು ಭಾಗದ ಸುತ್ತ ಸಡಿಲವಾಗಿ ಅಳೆಯಿರಿ. ಮೊದಲನೆಯದು ಪಟ್ಟಿಯ ಅಳತೆ. ಬಹಳ ಬ್ರಾಗಳ ಚೀಟಿಯಲ್ಲಿ 34ರ ಜೊತೆ 75 ಅಂತ, 36ರ ಜೊತೆ 80 ಅಂತ, 32ರ ಜೊತೆ 70 ಅಂತ ಇರುತ್ತದೆ. ಆ ಎರಡನೇ ಸಂಖ್ಯೆಯೇ ನಿಮ್ಮ ಪಕ್ಕೆಯ ಸೆಂಟಿಮೀಟರು. 73ರಿಂದ 77ರೊಳಗೆ ಬಂದರೆ 75, ಅಂದರೆ 34. ಎರಡೂ ಅಳತೆಗಳ ನಡುವಿನ ವ್ಯತ್ಯಾಸದಿಂದ ಕಪ್ ಗೊತ್ತಾಗುತ್ತದೆ: 12ರಿಂದ 14 ಸೆಂಟಿಮೀಟರ್ ಇದ್ದರೆ ಎ, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಕಂಪನಿಯಿಂದ ಕಂಪನಿಗೆ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ ಇದು ಶುರು ಮಾಡುವ ಜಾಗ, ಕೊನೇ ಮಾತಲ್ಲ.

ನನ್ನದು ಪಕ್ಕೆ 76, ಎದೆ 95. ವ್ಯತ್ಯಾಸ 19. ಅಂದರೆ 34ಡಿ! ಡಿ ಅಂದ ಕೂಡಲೇ ನಮ್ಮಲ್ಲಿ ಏನೋ ಭಾರೀ ದೊಡ್ಡದು ಅಂತ ಗಾಬರಿ. ಹಾಗೇನಿಲ್ಲ. ಅಕ್ಷರಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ, ಪಟ್ಟಿಯ ಜೊತೆ ಸೇರಿದಾಗಲೇ ಅರ್ಥ. 34ಡಿ, 36ಸಿ, 38ಬಿ ಮೂರಕ್ಕೂ ಕಪ್ಪಿನ ಗಾತ್ರ ಹೆಚ್ಚುಕಮ್ಮಿ ಒಂದೇ. ನನಗೆ ಇಷ್ಟು ವರ್ಷ ಕಪ್ ಸರಿಯಾಗಿಯೇ ಇತ್ತು, ಪಟ್ಟಿ ಮಾತ್ರ ಎರಡು ಸೈಜ್ ಸಡಿಲ. ಎದೆಯ ಭಾರ ಹೊರಬೇಕಾದದ್ದು ಪಟ್ಟಿ. ಅದು ಸಡಿಲವಾದರೆ ಪೂರಾ ಭಾರ ಭುಜದ ಮೇಲೆ ಬೀಳುತ್ತದೆ. ಸೈಜ್ ಬದಲಿಸಿದ ಮೇಲೆ ಕತ್ತು ನೋವು ಕಮ್ಮಿ ಆಯಿತು, ಗುಳಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಹಾಕಿ ನೋಡುವಾಗ ಹೊಸ ಬ್ರಾ ಕಡೇ ಕೊಂಡಿಗೆ, ಅಂದರೆ ತುಂಬಾ ಸಡಿಲವಾಗಿರುವ ಸಾಲಿಗೆ, ಸರಿಯಾಗಿ ಕೂರಬೇಕು. ಬಳಸಿ ಬಳಸಿ ಎಲಾಸ್ಟಿಕ್ ಜೋತ ಹಾಗೆ ಒಳಗಿನ ಕೊಂಡಿಗೆ ಬರಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಅಂಗೈ ಹೋಗಬಾರದು. ಕೈ ಎತ್ತಿದರೆ ಪಟ್ಟಿ ಮೇಲೇರಿದರೆ ದೊಡ್ಡದು, ಕಪ್ಪಿನ ಮೇಲಂಚಿನಲ್ಲಿ ಮಾಂಸ ಉಕ್ಕಿದರೆ ಕಪ್ ಚಿಕ್ಕದು. ಟ್ರಯಲ್ ರೂಮ್ ಇಲ್ಲದ ಅಂಗಡಿಯಲ್ಲಿ "ಬದಲಿಸಿ ಕೊಡ್ತೀರಾ?" ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ. ಕೊಡುವುದಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಹೆಣ್ಣುಮಕ್ಕಳಿಗೆ ಮೊದಲ ಬ್ರಾ ತರುವಾಗ ಅವರನ್ನೂ ಕರೆದುಕೊಂಡು ಹೋಗಿ, ಗುಟ್ಟಾಗಿ ತಂದು ಕೈಗಿಡಬೇಡಿ.

ಕಪ್ಪು ಬಣ್ಣದ ಬ್ರಾ ಹಾಕಿದರೆ, ವೈರ್ ಇರುವ ಬ್ರಾ ಹಾಕಿದರೆ, ರಾತ್ರಿ ಹಾಕಿದರೆ ಸ್ತನದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 1,500ಕ್ಕೂ ಜಾಸ್ತಿ ಹೆಂಗಸರನ್ನು ವಿಚಾರಿಸಿ 2014ರಲ್ಲಿ ವರದಿ ಕೊಟ್ಟರು. ಎಷ್ಟು ಹೊತ್ತು ಹಾಕುತ್ತಾರೆ, ವೈರ್ ಇದೆಯಾ, ಯಾವ ವಯಸ್ಸಿಗೆ ಶುರು ಮಾಡಿದರು, ಯಾವುದಕ್ಕೂ ಕ್ಯಾನ್ಸರಿಗೂ ಸಂಬಂಧ ಸಿಗಲಿಲ್ಲ. ಆ ಭಯ ಬಿಡಿ.

ಲಾಡಿಯ ವಿಷಯ

ಭಯ ಪಡಬೇಕಾದದ್ದು ಬೇರೆ ಇದೆ, ಅದರ ಬಗ್ಗೆ ವಾಟ್ಸಾಪ್‌ನಲ್ಲಿ ಬರುವುದೇ ಇಲ್ಲ. ಸೀರೆಯ ಒಳಲಂಗ, ನಮ್ಮ ಕಡೆ ಪರಕಾರ ಅನ್ನುತ್ತೇವೆ, ಅದರ ಲಾಡಿ.

1945ರಲ್ಲೇ ಇದೇ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್, ಸೂರ್ಯಾಬಾಯಿ ಅವರ ಜೊತೆ ಸೇರಿ ಒಂದು ಲೇಖನ ಬರೆದರು. ಪಂಚೆಯನ್ನು ಸೊಂಟಕ್ಕೆ ಬಿಗಿದು ಉಡುವವರಿಗೆ ಅದೇ ಗೆರೆಯ ಮೇಲೆ ಚರ್ಮದ ಕ್ಯಾನ್ಸರ್ ಬರುವುದನ್ನು ಗುರುತಿಸಿ "ಧೋತಿ ಕ್ಯಾನ್ಸರ್" ಅಂದರು. ಆಮೇಲೆ ಸೀರೆ ಉಡುವವರಲ್ಲೂ ಕಂಡಿತು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ಡಾಕ್ಟರುಗಳು ಇಬ್ಬರು ಹೆಂಗಸರ ಬಗ್ಗೆ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಬ್ಬರಿಗೆ 70 ವರ್ಷ, ಬಲ ಪಕ್ಕದ ಹುಣ್ಣು 18 ತಿಂಗಳಾದರೂ ಮಾಯ್ದಿರಲಿಲ್ಲ. ಇದು ಬಹಳ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಸೊಂಟದ ಸುತ್ತ ಕಪ್ಪು ಗೆರೆ, ತುರಿಕೆ, ಹೊಪ್ಪಳೆ ಏಳುವುದು ಅಪರೂಪವಲ್ಲ. ನಮ್ಮ ತಾಯಂದಿರಲ್ಲಿ ಆ ಗೆರೆ ಇಲ್ಲದವರು ಯಾರಿದ್ದಾರೆ ಹೇಳಿ.

ಮಾಡಬೇಕಾದದ್ದು ಕಷ್ಟವೇನಲ್ಲ. ದಾರದಂಥ ಲಾಡಿ ತೆಗೆದು ಎರಡು ಬೆರಳು ಅಗಲದ ಮೆತ್ತನೆ ಹತ್ತಿ ಪಟ್ಟಿ ಹಾಕಿಸಿ, ಟೈಲರ್ ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಗಂಟು ದಿನವೂ ಒಂದೇ ಜಾಗಕ್ಕೆ ಬರದಂತೆ ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಕೆಳಗೆ ಕಟ್ಟಿ. ಮನೆಗೆ ಬಂದ ಕೂಡಲೇ ಸಡಿಲ ಬಿಡಿ. ಬೆವರು ನಿಂತ ಗೆರೆಯನ್ನು ತೊಳೆದು ಒಣಗಿಸಿ. ಅಲ್ಲಿ ಹುಣ್ಣಾಗಿ ಎರಡು ಮೂರು ವಾರದಲ್ಲಿ ಮಾಯಲಿಲ್ಲ ಅಂದರೆ ಅರಿಶಿನ ಹಚ್ಚುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಊರಲ್ಲಿರುವ ಅಮ್ಮನಿಗೆ, ಅಜ್ಜಿಗೆ ಫೋನ್ ಮಾಡಿ ಇದೊಂದು ಕೇಳಿ. ತಾವಾಗಿ ಅವರು ಹೇಳುವುದಿಲ್ಲ.

ಚಡ್ಡಿ ಆರಿಸುವಾಗ

ಹೆಂಗಸರಿಗೆ ಮೂರು ವಿಷಯ ಸಾಕು. ಒಳಗಿನ ಜೋಡಿ ಪದರ, ಗಸೆಟ್ ಅನ್ನುತ್ತಾರಲ್ಲ, ಅದು ಹತ್ತಿಯದ್ದೇ ಇರಲಿ, ಹೊರಗೆ ಲೇಸ್ ಇದ್ದರೂ ಪರವಾಗಿಲ್ಲ. ಅಂಗಡಿಯಲ್ಲಿ ಇನ್ನರ್ ಎಲಾಸ್ಟಿಕ್, ಔಟರ್ ಎಲಾಸ್ಟಿಕ್ ಅಂತ ಎರಡು ತರಹ ಕೊಡುತ್ತಾರೆ. ರಬ್ಬರು ಬಟ್ಟೆಯೊಳಗೆ ಮುಚ್ಚಿರುವ ಇನ್ನರ್ ಮೈಗೆ ಮೆತ್ತಗೆ, ಆದರೆ ಒಣಗಲು ತಡ. ಬೇಸಿಗೆಗೆ ಅದು, ಮಳೆಗೆ ತೆಳು ಔಟರ್ ಎಲಾಸ್ಟಿಕ್ ಇಟ್ಟುಕೊಳ್ಳಿ, ಮೈ ಕೆಂಪಾಗುವುದಾದರೆ ಬೇಡ. ಇನ್ನು ಬಿಕಿನಿ, ಹಿಪ್‌ಸ್ಟರ್, ಹೈ ವೇಸ್ಟ್ ಎಲ್ಲಾ ನಿಮ್ಮ ಇಷ್ಟ. ತೊಡೆ ಉಜ್ಜಿ ಉರಿಯುವವರು ಮಾತ್ರ ಕಾಲಿರುವ ಬಾಯ್ ಶಾರ್ಟ್ಸ್ ಹಾಕಿ ನೋಡಿ, ನಿಜಕ್ಕೂ ಆರಾಮ. ತಿಂಗಳಿಡೀ ಪ್ಯಾಂಟಿ ಲೈನರ್ ಹಾಕಬೇಡಿ, ಗಾಳಿ ಆಡುವುದಿಲ್ಲ. ಘಮಘಮ ಅನ್ನುವ ಇಂಟಿಮೇಟ್ ವಾಶ್ ಕೂಡ ಬೇಕಿಲ್ಲ. ಬಿಳಿ ಸ್ರಾವ ಸ್ವಲ್ಪ ಇರುವುದು ಸಹಜ, ಮೊಸರು ಒಡೆದ ಹಾಗೆ ಬಂದು ತುರಿಸಿದರೆ, ಮೀನಿನ ವಾಸನೆ ಬಂದರೆ ಡಾಕ್ಟರ ಹತ್ತಿರ ಹೋಗಬೇಕು.

ಗಂಡಸರಿಗೆ ಕೆಲಸ ನೋಡಿ ಹೇಳಬೇಕು. ಜಿಮ್ಮು, ಓಟ, ಕ್ರಿಕೆಟ್‌ಗೆ ಬ್ರೀಫ್ ಅಥವಾ ಟ್ರಂಕ್, ಅಂದರೆ ಗಿಡ್ಡ ಕಾಲಿರುವ ಬಿಗಿ ಚಡ್ಡಿ. ಮುಗಿದ ಮೇಲೆ ಪೈಲ್ವಾನರ ಲಂಗೋಟಿಯ ಹಾಗೆ ಬಿಚ್ಚಿ ಒಗೆದು ಹಾಕಿ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಕಾಲಿರುವ ಟ್ರಂಕ್ ಒಳ್ಳೆಯದು, ತೊಡೆಸಂದಿಯಲ್ಲಿ ಚರ್ಮಕ್ಕೆ ಚರ್ಮ ತಾಗದಂತೆ ನಡುವೆ ಒಂದು ಪದರ ಬಟ್ಟೆ ಇರುತ್ತದೆ. ಮನೆಯಲ್ಲಿ, ರಾತ್ರಿ, ಸಡಿಲ ಬಾಕ್ಸರ್ ಅಥವಾ ನಮ್ಮ ಹಳೇ ಪಟ್ಟಾಪಟ್ಟಿ ಚಡ್ಡಿ. ಆ ಪಟ್ಟಾಪಟ್ಟಿಯನ್ನು ನೋಡಿ ನಕ್ಕವರೇ ಎಲ್ಲ, ಆದರೆ ಈ ಹವೆಗೆ ಅದರಷ್ಟು ಸರಿಯಾದದ್ದು ಇನ್ನೊಂದಿಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಇದನ್ನೂ ಕೇಳಿ. 2018ರಲ್ಲಿ ಹಾರ್ವರ್ಡ್‌ನವರು 656 ಗಂಡಸರನ್ನು ಪರೀಕ್ಷಿಸಿದಾಗ, ಹೆಚ್ಚಾಗಿ ಬಾಕ್ಸರ್ ಹಾಕುವವರಲ್ಲಿ ವೀರ್ಯಾಣುವಿನ ಸಾಂದ್ರತೆ 25% ಜಾಸ್ತಿ ಇತ್ತು. ಬಿಗಿ ಹಾಕುವವರದ್ದು ಕೆಟ್ಟಿತ್ತು ಅಂತಲ್ಲ, ಅವರದ್ದೂ ಸಾಮಾನ್ಯ ಮಟ್ಟದಲ್ಲೇ ಇತ್ತು. ಬೀಜಕ್ಕೆ ಮೈಗಿಂತ ಕೆಲವು ಡಿಗ್ರಿ ತಂಪು ಬೇಕು, ಅದಕ್ಕೇ ಅದು ಹೊರಗಿರುವುದು. ಸಡಿಲ ಚಡ್ಡಿಗೆ ಖರ್ಚೇನೂ ಇಲ್ಲ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಬೇಕು, ಅಷ್ಟು ದಿನ ತಾಳ್ಮೆ ಇರಲಿ.

ಹುಳುಕಡ್ಡಿ ಬಂದರೆ

ಪಕ್ಕದ ಮನೆ ಕುಂದಾಪುರದವರ ತಮ್ಮ ಮಾಟುಂಗದಲ್ಲಿ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುತ್ತಾನೆ. ಕೆಳಗಿನಿಂದ ಮೇಲಿನವರೆಗೆ ಬೆವರು. ರೂಮಿನಲ್ಲಿ ಆರು ಜನ, ಒಂದೇ ಹಗ್ಗ. ಹೋದ ವರ್ಷ ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪಗಾಯಿತು. ಮೆಡಿಕಲ್ ಶಾಪಿನಲ್ಲಿ ಹೇಳಿ ಒಂದು ಟ್ಯೂಬ್ ತಂದ, ಎರಡು ದಿನಕ್ಕೆ ತುರಿಕೆ ನಿಂತಿತು. ನಿಲ್ಲಿಸಿದ, ಮತ್ತೆ ಬಂತು, ಇನ್ನೂ ಅಗಲವಾಗಿ. ಹೀಗೆ ಮೂರು ತಿಂಗಳು. "ಹೇಳ್ಲಿಕ್ಕೆ ನಾಚಿಕೆ ಆಯ್ತು ಅಕ್ಕಾ" ಅಂದ, ಅಷ್ಟರಲ್ಲಿ ಸೊಂಟದವರೆಗೆ ಹಬ್ಬಿತ್ತು. ಆ ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಂತ ಬರೆದಿತ್ತು. ಅದು ಸ್ಟೀರಾಯ್ಡ್. ತುರಿಕೆಯನ್ನು ಅಡಗಿಸುತ್ತದೆ, ಒಳಗೆ ಹುಳುಕಡ್ಡಿಯ ಶಿಲೀಂಧ್ರ ಆರಾಮವಾಗಿ ಬೆಳೆಯುತ್ತದೆ. ತೊಡೆಸಂದಿಗೆ ಏನೇ ಕ್ರೀಮ್ ತಂದರೂ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಇದೆಯಾ ನೋಡಿ, ಇದ್ದರೆ ಡಾಕ್ಟರು ಹೇಳದೆ ಹಚ್ಚಬೇಡಿ. ಚರ್ಮದ ಡಾಕ್ಟರು ಅವನಿಗೆ ವಾರಗಟ್ಟಲೆ ಮಾತ್ರೆ ಕೊಟ್ಟರು, ಕಲೆ ಹೋದ ಮೇಲೂ ನಿಲ್ಲಿಸಬೇಡ ಅಂದರು.

ಔಷಧಿಯ ಜೊತೆ ಇದನ್ನೂ ಮಾಡಬೇಕು. ಟವೆಲ್ ಬೇರೆ, ಸೋಪು ಬೇರೆ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೆ ಔಷಧಿ. ಕಾಲ್ಬೆರಳ ಸಂದಿಯಲ್ಲಿ ಬಿಳುಚಿಕೊಂಡಿದ್ದರೆ ಅಲ್ಲಿಂದಲೇ ಮೇಲೆ ಹತ್ತುತ್ತದೆ, ಹಾಗಾಗಿ ಮೊದಲು ಸಾಕ್ಸ್ ಹಾಕಿ ಆಮೇಲೆ ಚಡ್ಡಿ ಹಾಕಬೇಕು. ಒಳಉಡುಪನ್ನು 60 ಡಿಗ್ರಿಯ ಬಿಸಿನೀರಲ್ಲಿ ಬೇರೆಯಾಗಿ ಒಗೆಯಿರಿ. ಇಷ್ಟು ಬಿಸಿಗೆ ಲೈಕ್ರಾ ಬೇಗ ಹಾಳಾಗುತ್ತದೆ, ಆದ್ದರಿಂದ ಗುಣವಾಗುವವರೆಗೆ ಅಗ್ಗದ ಹತ್ತಿ ಚಡ್ಡಿಗಳನ್ನೇ ಹಾಕಿ.

ಒಣಗಿಸುವುದು

ಮಳೆಗಾಲಕ್ಕೆ ಒಬ್ಬರಿಗೆ ಎಂಟು ಹತ್ತು ಚಡ್ಡಿ ಬೇಕು, ಇಲ್ಲದಿದ್ದರೆ ಅರೆಒಣಗಿದ್ದು ಹಾಕುವ ಪರಿಸ್ಥಿತಿ ಬಂದೇ ಬರುತ್ತದೆ. ಒಗೆದ ಮೇಲೆ ಹಿಂಡಿ ತಿರುಚಬೇಡಿ, ಒಣ ಟವೆಲ್ಲಿನಲ್ಲಿ ಸುತ್ತಿ ಮೇಲೆ ಕೈಯಿಂದ ಒತ್ತಿ, ಅರ್ಧ ನೀರು ಅಲ್ಲೇ ಹೋಗುತ್ತದೆ. ಒಳಮೈ ಹೊರಗೆ ಮಾಡಿ, ಗಸೆಟ್ ಗಾಳಿಗೆ ಬರುವಂತೆ ಹಾಕಿ. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳು ಜಾಗ ಬಿಡಿ. ಬ್ರಾ ಭುಜಪಟ್ಟಿಯಿಂದ ನೇತುಹಾಕಿದರೆ ಜೋಲುತ್ತದೆ, ಎರಡು ಕಪ್ಪಿನ ನಡುವೆ ಹಗ್ಗದ ಮೇಲೆ ಮಡಿಸಿ ಹಾಕಿ. ಬಾಲ್ಕನಿಗೆ ಎರಚಲು ಹೊಡೆಯುತ್ತಿದ್ದರೆ ಒಳಗೆ ಫ್ಯಾನ್ ಕೆಳಗೆ ಹಗ್ಗ ಕಟ್ಟಿ, ಕರೆಂಟಿನ ಖರ್ಚು ಕ್ರೀಮ್ ಟ್ಯೂಬಿನ ಖರ್ಚಿಗಿಂತ ಕಮ್ಮಿ. ಹತ್ತಿ ಬಟ್ಟೆಯ ಭಾಗಕ್ಕೆ ಇಸ್ತ್ರಿ ಹಾಕಿ, ಎಲಾಸ್ಟಿಕ್ಕಿಗೆ ತಾಗಿಸಬೇಡಿ. ಒಣಗಿದೆಯಾ ಅಂತ ನೋಡಲು ಎಲಾಸ್ಟಿಕ್ಕನ್ನು ಕೆನ್ನೆಗೆ ಒತ್ತಿ, ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲ. ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತದೆ.

ಸ್ಟೇಷನ್ನಿಗೆ ನಡೆಯುವಾಗಲೇ ನೆನೆಯುವ ದಿನಗಳಿಗೆ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಜೊತೆ ಒಣ ಒಳಉಡುಪು, ಒಂದು ಕರವಸ್ತ್ರ ಇಟ್ಟಿರಿ. ಆಫೀಸಿಗೆ ಹೋದ ಕೂಡಲೇ ಬಾತ್‌ರೂಮಿನಲ್ಲಿ ಒರೆಸಿಕೊಂಡು ಬದಲಿಸಿ, ಆಮೇಲೆ ಚಹಾ.

ನಮ್ಮ ಬಾಲ್ಕನಿಯಲ್ಲಿ ಈಗ ಸಾಲು ಅದಲುಬದಲಾಗಿದೆ. ಒಳಉಡುಪು ಮುಂದಿನ ಹಗ್ಗಕ್ಕೆ, ಚಾದರ ಹಿಂದಿನದಕ್ಕೆ. ಮೊದಲ ವಾರ ಎದುರಿನ ಬಿಲ್ಡಿಂಗಿನ ಮಾವಶಿ ನೋಡಿದರು. ಮುಂದಿನ ವಾರ ಅವರ ಟವೆಲ್ಲೂ ಹಗ್ಗದಿಂದ ಇಳಿದಿತ್ತು.